ಕಬ್ಬಿಣದಿಂದ ಐದು ಮೀಟರ್ ದೂರ

ಅವನು ಮೇಡಂ ಅವರನ್ನು ಮೊದಲು ಕಂಡದ್ದು ಒಂದು ಏಣಿಯ ಮೇಲೆ.

ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಬಾಕಿಯಿತ್ತು. ಡ್ರೋನ್ ತರಬೇತಿ ಕೇಂದ್ರವೆಂದರೆ ಊರ ಹೊರವಲಯದ ಒಂದು ಹಳೆಯ ಗೋದಾಮು. ಮುಂದೆ ಎರಡು ಕೋಣೆ, ಹಿಂದೆ ತಂತಿಬೇಲಿ ಹಾಕಿದ ಮೈದಾನ. ಗೇಟಿನಲ್ಲಿ ಯಾರೂ ಕಾಣದೆ ಅವನು ಗೋಡೆ ಬಳಸಿ ನೇರ ಹಿಂದಕ್ಕೆ ಹೋದ. ಅಲ್ಲಿ ಮೂವತ್ತರ ಒಳಗಿನ ಒಬ್ಬ ಹೆಂಗಸು ಅಲ್ಯೂಮಿನಿಯಂ ಏಣಿಯ ತುದಿಯ ಮೆಟ್ಟಿಲಲ್ಲಿ ನಿಂತು, ಗಾಳಿಯ ದಿಕ್ಕು ತೋರಿಸುವ ಕಿತ್ತಳೆ ಬಣ್ಣದ ಬಟ್ಟೆಚೀಲವನ್ನು ಒಂದು ಕಂಬಕ್ಕೆ ಕಟ್ಟಲು ಹೆಣಗುತ್ತಿದ್ದರು. ಬಾಯಲ್ಲಿ ಎರಡು ಪ್ಲಾಸ್ಟಿಕ್ ಪಟ್ಟಿ ಕಚ್ಚಿಕೊಂಡಿದ್ದರು. ಅವನು ಮೊದಲು ನೋಡಿದ್ದು ಏಣಿಯ ಕಾಲುಗಳನ್ನು. ನಾಲ್ಕರಲ್ಲಿ ಒಂದಕ್ಕೆ ರಬ್ಬರು ಇರಲಿಲ್ಲ. ಆಮೇಲೆ ನೋಡಿದ್ದು ಎಡಗಾಲಿನ ಬೂಟನ್ನು. ಲಾಡಿ ಬಿಚ್ಚಿ ನೇತಾಡುತ್ತಿತ್ತು. ಮುಖ ನೋಡಿದ್ದು ಕೊನೆಗೆ. ಹೋಗಿ ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತ.

"ಯಾರು?" ಎಂದರು ಮೇಡಂ, ಹಲ್ಲಿನ ಸಂದಿಯಿಂದಲೇ.

"ಏಣಿ ಕಾಲಿಗೆ ರಬ್ಬರ್ ಇಲ್ಲ."

"ಅದು ನನಗೂ ಗೊತ್ತು. ನೀವು ಯಾರು?"

"ಕ್ಲಾಸಿಗೆ ಬಂದೋನು. ನಿಮ್ಮ ಲಾಡಿ ಬಿಚ್ಚಿದೆ."

ಅವರು ಇಳಿದು, ಲಾಡಿ ಕಟ್ಟಿಕೊಂಡು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಲವತ್ತೈದರ ಆಸುಪಾಸಿನ ಗಂಡಸು. ಕೈಗಳು ಮೈಗಿಂತ ಎರಡು ಅಳತೆ ದೊಡ್ಡವು.

"ನೀವು ನನಗಿಂತ ಒಂದು ಮೊಳ ಎತ್ತರ ಇದೀರ. ಒಂಚೂರು ಹತ್ತಿ ಕಟ್ಟಿಬಿಡಿ. ನನ್ನ ಕೈ ನಿಲುಕ್ತಾ ಇಲ್ಲ."

"ಹತ್ತಲ್ಲ."

"ನಾಲ್ಕೇ ಮೆಟ್ಲು."

"ಹತ್ತಲ್ಲ ಮೇಡಂ. ಏಣಿ ಹಿಡ್ಕೋತೀನಿ, ನೀವು ಹತ್ತಿ."

ಮೇಡಂ ಮತ್ತೆ ಹತ್ತಿದರು, ತುದಿಗಾಲಲ್ಲಿ ನಿಂತು ಹೇಗೋ ಕಟ್ಟಿದರು. ಅವನು ಹಿಡಿದ ಏಣಿ ಗೋಡೆಗೆ ಬೆಸೆದ ಹಾಗೆ ನಿಂತಿತ್ತು. ಆಮೇಲೆ ಒಳಗೆ ಹೋಗಿ, ಮೇಜಿನ ಮೇಲೆ ಅವನ ಅರ್ಜಿ ಹರಡಿಕೊಂಡು ಓದಿದರು. ಉದ್ಯೋಗ ಎಂಬಲ್ಲಿ 'ಟವರ್ ಹತ್ತುವುದು, ಇಪ್ಪತ್ತೆರಡು ವರ್ಷ' ಎಂದು ಬರೆದಿತ್ತು. ಮೇಡಂ ತಲೆಯೆತ್ತಿ ಕಿಟಕಿಯಿಂದ ಏಣಿಯನ್ನೊಮ್ಮೆ ನೋಡಿದರು, ಅವನನ್ನೊಮ್ಮೆ ನೋಡಿದರು. ಏನೂ ಕೇಳಲಿಲ್ಲ. ಅರ್ಜಿಯ ಮೂಲೆಗೆ ಸೀಲು ಒತ್ತಿ, "ಒಂಬತ್ತಕ್ಕೆ ಶುರು. ಎರಡನೇ ಬೆಂಚಿನಲ್ಲಿ ಕೂತ್ಕೊಳ್ಳಿ, ಮೊದಲ್ನೇದರ ಕಾಲು ಅಲ್ಲಾಡುತ್ತೆ" ಎಂದರು.

ಕೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ಅವನು ಮರುದಿನವೂ ಬಂದ.

ಟವರ್ ಕೆಲಸದವರು ಅವನನ್ನು ಉಡ ಎಂದು ಕರೆಯುತ್ತಿದ್ದರು. ಉಡ ಒಮ್ಮೆ ಪಟ್ಟು ಹಿಡಿದರೆ ಬಿಡಿಸುವುದು ಕಷ್ಟ. ಗೋಡೆಯ ಕಲ್ಲು ಕಿತ್ತು ಬಂದೀತು, ಉಡ ಬಾರದು ಎನ್ನುತ್ತಾರೆ. ಅವನ ಹಿಡಿತವೂ ಹಾಗೆಯೇ. ಅರವತ್ತು ಮೀಟರ್ ಮೇಲೆ ಬಿರುಗಾಳಿ ಎದ್ದಾಗ ಬೇರೆಯವರು ಬೆಲ್ಟಿನ ಕೊಕ್ಕೆಯನ್ನು ನಂಬಿದರೆ, ಅವನು ಕಬ್ಬಿಣಕ್ಕೆ ಎದೆ ಹಚ್ಚಿ ತೋಳು ಸುತ್ತಿ ಅಂಟಿಕೊಂಡುಬಿಡುತ್ತಿದ್ದ. ಗಾಳಿ ಬಂತೋ, ಕಬ್ಬಿಣದ ಹತ್ತಿರ ಹೋಗು. ಇದು ಅವನ ಮೊದಲ ಪಾಠ, ಕೊನೆಯ ಪಾಠ. ಹೊಸಬರಿಗೆಲ್ಲ ಇದನ್ನೇ ಹೇಳಿಕೊಟ್ಟಿದ್ದ. ಹೆಂಡತಿಯ ತಮ್ಮನಿಗೂ ಹೇಳಿಕೊಟ್ಟಿದ್ದ. ಆ ಭಾವಮೈದುನ ಹದಿನಾರು ವರ್ಷ ಅವನ ಜೋಡಿಯಾಗಿದ್ದ. ಮೇಲೆ ಹೋಗುವವನು ಉಡ, ಎರಡು ಆಳು ಕೆಳಗೆ ಭಾವಮೈದುನ. ಕೊಕ್ಕೆ ಬಿಡುವ ಮುಂಚೆ "ಬಿಟ್ಟೆ ಭಾವ" ಎಂದು ಕೂಗುವುದು, ಹಾಕಿದ ಮೇಲೆ "ಹಿಡಿದೆ ಭಾವ" ಎಂದು ಕೂಗುವುದು. ಎರಡು ಕೂಗಿನ ನಡುವೆ ಉಸಿರು ಹಿಡಿಯುವುದು. ಇಷ್ಟೇ ಅವರ ಮಾತುಕತೆ. ಕೆಳಗೆ ಇಳಿದ ಮೇಲೂ ಅವರಿಬ್ಬರು ಹೆಚ್ಚೇನೂ ಮಾತಾಡುತ್ತಿರಲಿಲ್ಲ.

ಹನ್ನೊಂದು ತಿಂಗಳ ಹಿಂದೆ ಒಂದು ಬೆಳಿಗ್ಗೆ, ನಲವತ್ತು ಮೀಟರಿನ ಬಳಿ, "ಬಿಟ್ಟೆ ಭಾವ" ಎಂಬುದು ಕೇಳಿಸಿತು. "ಹಿಡಿದೆ" ಎಂಬುದು ಕೇಳಿಸಲಿಲ್ಲ. ಅರೆ ನಿಮಿಷದ ಹಿಂದೆ ಉಡ ತಾನೇ ಎಳೆದು ನೋಡಿ, ತೂಕ ಬಿಟ್ಟು ಹತ್ತಿ ಬಂದಿದ್ದ ಮೆಟ್ಟಿಲುಕಂಬಿ ಬುಡಸಮೇತ ಕಿತ್ತು ಬಂದಿತ್ತು. ಬೆಸುಗೆಯ ಮುಂಬದಿ ಗಟ್ಟಿಯಿತ್ತು. ಹಿಂಬದಿಯನ್ನು ತುಕ್ಕು ತಿಂದು ಮುಗಿಸಿತ್ತು. ಹತ್ತುವವನಿಗೆ ಮುಂಬದಿ ಮಾತ್ರ ಕಾಣುತ್ತದೆ.

ಅಗ್ನಿಶಾಮಕದವರು ಬಂದು ಉಡನನ್ನು ಇಳಿಸುವ ಹೊತ್ತಿಗೆ ಎರಡು ಮುಕ್ಕಾಲು ಗಂಟೆಯಾಗಿತ್ತು. ಅಷ್ಟು ಹೊತ್ತೂ ಅವನು ಕಬ್ಬಿಣವನ್ನು ಅಪ್ಪಿಕೊಂಡೇ ಇದ್ದ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಅಂದಿನಿಂದ ಅವನಿಗೆ ಏನೂ ಅನಿಸುತ್ತಿರಲಿಲ್ಲ. ಬಹಳ ಹೊತ್ತು ಮಡಚಿ ಕೂತರೆ ಕಾಲು ಮರಗಟ್ಟುತ್ತದಲ್ಲ, ಕಾಲು ಅಲ್ಲೇ ಇರುತ್ತದೆ ಆದರೆ ತನ್ನದಲ್ಲ ಅನಿಸುತ್ತದಲ್ಲ, ಹಾಗೆ. ದುಃಖವಾದರೆ ಒಂದು ಲೆಕ್ಕ. ಅದೂ ಇರಲಿಲ್ಲ. ಅತ್ತವರ ನಡುವೆ ಕುರ್ಚಿ ಜೋಡಿಸಿದ. ಭಾವಮೈದುನನ ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬಿದ. ಚಹಾ ಬಿಸಿಯಿದ್ದರೂ ಕುಡಿದ, ಆರಿದರೂ ಕುಡಿದ. ಒಂದು ದಿನ ಹೆಂಡತಿ ಲೋಟ ಇಟ್ಟು ಎದುರಿಗೆ ಕೂತು, "ಕಲ್ಲಾದ್ರೂ ಬಿಸಿಲಿಗೆ ಕಾಯುತ್ತೆ" ಎಂದಳು. ಅವನು ಹೌದೆಂದ. ಅವಳು ಬೈದಳೋ, ಗೋಳು ಹೇಳಿಕೊಂಡಳೋ ಅವನಿಗೆ ತಿಳಿಯಲಿಲ್ಲ. ಎರಡಕ್ಕೂ ಹೌದೆಂಬುದು ಸರಿಹೋಗುತ್ತಿತ್ತು.

ಟವರ್ ಹತ್ತಲು ಮೂರು ಸಲ ಹೋದ. ಮೂರೂ ಸಲ ಮೊದಲ ಮೆಟ್ಟಿಲಿಗೆ ಕಾಲಿಟ್ಟು ನಿಂತ. ಹೆದರಿಕೆಯೇನೂ ಅನಿಸಲಿಲ್ಲ, ಮಂಡಿ ಮಡಚಿಕೊಳ್ಳಲಿಲ್ಲ, ಅಷ್ಟೆ. ಸೂಪರ್‌ವೈಸರ್ ಅವನನ್ನು ಉಗ್ರಾಣದಲ್ಲಿ ಕೂರಿಸಿ ಹಗ್ಗ ಎಣಿಸುವ ಕೆಲಸ ಕೊಟ್ಟ.

ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಭಾವಮೈದುನನ ಮಗಳು ಒಂದು ದಿನ ಉಗ್ರಾಣದ ಬಾಗಿಲಲ್ಲಿ ಬಂದು ನಿಂತಳು. ಇಪ್ಪತ್ತೊಂದು ವರ್ಷ. ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು.

"ಮಾವ, ಅಪ್ಪನ ಬೆಲ್ಟ್ ಕೊಡಿ."

"ಯಾಕೆ?"

"ಸೇರ್ಕೊಂಡೆ. ಹತ್ತೋ ತಂಡಕ್ಕೆ. ಡಾಕ್ಟರ್ ಪರೀಕ್ಷೆನೂ ಆಯ್ತು."

ಅವನು ಹಗ್ಗ ಎಣಿಸುತ್ತಿದ್ದವನು ಎಣಿಕೆ ತಪ್ಪಿದ. ಮತ್ತೆ ಒಂದರಿಂದ ಶುರು ಮಾಡಿದ.

"ಏನಾದ್ರೂ ಹೇಳಿ" ಎಂದಳು.

"ಬೇರೆ ಕೆಲಸ ಇಲ್ವಾ?"

"ಇದೆ. ದಿನಾ ಇಪ್ಪತ್ತು ಜನದ ಪಾದ ಹಿಡೀತೀನಿ. ಇದನ್ನ ಹಿಡಿದು ನೋಡ್ತೀನಿ." ಮೊಳೆಗೆ ನೇತುಹಾಕಿದ್ದ ಬೆಲ್ಟಿನ ಕಡೆ ನೋಡಿ, "ಅಪ್ಪ ಬೆಳಗಾದ್ರೆ ಅಲ್ಲಿಗೇ ಓಡ್ತಿದ್ದ. ಅಲ್ಲಿ ಏನಿತ್ತು ಅಂತ ನಾನೂ ನೋಡ್ಬೇಕು" ಎಂದಳು.

ಅವನು ಬೆಲ್ಟು ಕೊಡಲಿಲ್ಲ. ಅವಳೇ ಮೊಳೆಯಿಂದ ತೆಗೆದುಕೊಂಡು ನಡುವಿಗೆ ಕಟ್ಟಿ ನೋಡಿದಳು. ಅಪ್ಪನ ತೂತಿಗಿಂತ ನಾಲ್ಕು ತೂತು ಒಳಗೆ ಹೋಯಿತು.

ಅವನು ಸೂಪರ್‌ವೈಸರ್ ಬಳಿಗೆ ಹೋದ. ಸೂಪರ್‌ವೈಸರ್ ಕೆಟ್ಟವನಲ್ಲ, ಯಾವಾಗಲೂ ಎರಡು ಫೋನಿನಲ್ಲಿ ಮಾತಾಡುತ್ತಿದ್ದುದರಿಂದ ಮೂರನೆಯವರಿಗೆ ಸಿಗುತ್ತಿರಲಿಲ್ಲ. "ನೋಡಪ್ಪಾ ಉಡ" ಎಂದ, "ಮಳೆಗಾಲ ಬರೋದ್ರೊಳಗೆ ನೂರಾ ಹತ್ತು ಟವರ್ ತಪಾಸಣೆ ಆಗ್ಬೇಕು. ಎರಡು ಕೈ ಕಮ್ಮಿ. ಒಂದು ಹೋಯ್ತು, ಇನ್ನೊಂದು ನೀನು. ಡ್ರೋನ್ ತರಿಸಿದ್ದೀವಿ, ಪೆಟ್ಟಿಗೇಲಿ ನಿದ್ದೆ ಮಾಡ್ತಿದೆ. ಸರ್ಟಿಫಿಕೇಟ್ ಇರೋ ಪೈಲಟ್ ಇಲ್ದೆ ಅದನ್ನ ಹಾರಿಸೋ ಹಾಗಿಲ್ಲ. ಮುಂದಿನ ತಿಂಗಳ ಒಂದನೇ ತಾರೀಖಿನೊಳಗೆ ಯಾರಾದ್ರೂ ಸಿಕ್ಕಿದ್ರೆ ತಪಾಸಣೆಗೆ ಜನ ಹತ್ತೋದು ಬೇಡ. ಇಲ್ಲ ಅಂದ್ರೆ ಹುಡುಗಿ ಹತ್ತಬೇಕು. ಬೆಕ್ಕಿಗೆ ಗಂಟೆ ಕಟ್ಟೋರು ಯಾರು, ನೀನೇ ಹೇಳು."

"ನಾನು" ಎಂದ ಉಡ.

ಸೂಪರ್‌ವೈಸರ್ ಎರಡೂ ಫೋನು ಕೆಳಗಿಟ್ಟ. ಅಂಥದ್ದು ಅಪರೂಪ.

ಮೂರು ವಾರದ ತರಬೇತಿ. ಮೊದಲ ವಾರ ಪುಸ್ತಕ, ಎರಡನೇ ವಾರ ಕಂಪ್ಯೂಟರಿನಲ್ಲಿ ಹಾರಾಟ, ಮೂರನೇ ವಾರ ಮೈದಾನ, ಆಮೇಲಿನ ಸೋಮವಾರ ಪರೀಕ್ಷೆ. ಒಟ್ಟು ಒಂಬತ್ತು ಮಂದಿ. ಉಡನ ಪಕ್ಕದಲ್ಲಿ ಕೂತವನು ಮದುವೆಗಳ ಫೋಟೋ ತೆಗೆಯುವವನು. ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತದೆ ಎಂಬ ಜಾತಿಯವನು. "ನಾನು ಹನ್ನೆರಡು ವರ್ಷದಿಂದ ಮದುಮಕ್ಕಳನ್ನ ನೆಲದಿಂದ ನೋಡ್ತಿದೀನಿ. ಮೇಲಿಂದ ನೋಡಿದ್ರೆ ಏನಾದ್ರೂ ಸುಖವಾಗಿ ಕಾಣ್ತಾರೇನೋ ಅಂತ ಬಂದೆ" ಎಂದು ಪರಿಚಯ ಹೇಳಿಕೊಂಡ.

ಪುಸ್ತಕದ ಪಾಠ ಉಡನಿಗೆ ಕಷ್ಟವಾಗಲಿಲ್ಲ. ಹತ್ತನೇ ತರಗತಿಯ ಮೇಲೆ ಅವನು ಓದಿದವನಲ್ಲ, ಆದರೆ ಏನೂ ಅನಿಸದವನಿಗೆ ಬಾಯಿಪಾಠ ಸುಲಭ. ಎಲ್ಲಿ ಹಾರಿಸಬಾರದು, ಎಷ್ಟು ಎತ್ತರ, ಬ್ಯಾಟರಿ ಎಷ್ಟು ಉಳಿದಾಗ ಇಳಿಸಬೇಕು. ಮಧ್ಯಾಹ್ನದ ಹೊತ್ತು ಉಗ್ರಾಣದ ಊಟದ ಡಬ್ಬಿಯನ್ನೇ ತಂದು, ಗೋಡೆಗೆ ಬೆನ್ನು ಕೊಟ್ಟು ಕೂತು ಉರುಹೊಡೆಯುತ್ತಿದ್ದ. ಗಾಳಿಯ ಪಾಠದ ದಿನ ಮೇಡಂ, "ನೆಲದಲ್ಲಿ ಎಲೆ ಅಲ್ಲಾಡ್ದೆ ಇದ್ರೂ ನಲವತ್ತು ಮೀಟರ್ ಮೇಲೆ ಗಾಳಿ ಇರಬಹುದಾ?" ಎಂದು ಕೇಳಿದರು.

"ಇರುತ್ತೆ" ಎಂದ ಉಡ. "ನಲವತ್ತಕ್ಕೆ ಒಂದು ಕಡೆ ಹೊಡೆದ್ರೆ, ಐವತ್ತಕ್ಕೆ ಇನ್ನೊಂದು ಕಡೆ. ಬೆಳಿಗ್ಗೆ ಹತ್ತರ ಮೇಲೆ ಕಬ್ಬಿಣ ಕಾಯುತ್ತಲ್ಲ, ಆಗ ಕೆಳಗಿಂದಾನೂ ಬರುತ್ತೆ. ಪ್ಯಾಂಟಿನೊಳಗೆ ನುಗ್ಗುತ್ತೆ."

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ, ಪ್ಯಾಂಟಿನ ಭಾಗ ಬಿಟ್ಟು ಉಳಿದದ್ದನ್ನು ಹಲಗೆಯ ಮೇಲೆ ಬರೆದರು.

ತೊಡಕು ಬಂದದ್ದು ಹಾರಾಟದಲ್ಲಿ. ಸುಮ್ಮನೆ ಬಯಲಿನಲ್ಲಿ ಹಾರಿಸು ಎಂದರೆ ಅವನ ಕೈ ಅಚ್ಚುಕಟ್ಟು. ಚೌಕ ಹೊಡೆ ಎಂದರೆ ಚೌಕ, ಎಂಟರ ಅಂಕಿ ಬರೆ ಎಂದರೆ ಎಂಟು. ಡ್ರೋನಿನ ಮೂಗು ನಮ್ಮ ಕಡೆ ತಿರುಗಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅಲ್ಲಿ ಫೋಟೋದವನು ದಿನಕ್ಕೆ ನಾಲ್ಕು ಸಲ ಬೇಲಿಗೆ ಹೋಗಿ ಬೀಳಿಸುತ್ತಿದ್ದ, ಉಡ ಒಮ್ಮೆಯೂ ತಪ್ಪಲಿಲ್ಲ. ಆದರೆ ಮೈದಾನದ ನಡುವೆ ಇಪ್ಪತ್ತನಾಲ್ಕು ಮೀಟರಿನ ಒಂದು ಹಳೆಯ ಟವರ್ ನಿಲ್ಲಿಸಿದ್ದರು, ಗುಜರಿಯಿಂದ ತಂದದ್ದು. ಪರೀಕ್ಷೆಯ ಮುಖ್ಯ ಭಾಗ ಅದೇ. ಕಬ್ಬಿಣದಿಂದ ಐದು ಮೀಟರ್ ದೂರ ಉಳಿದು, ಸುತ್ತ ಹಾರಿಸಿ, ಎಲ್ಲೆಲ್ಲಿ ಏನೇನು ಕೆಟ್ಟಿದೆ ಎಂದು ಹೇಳಬೇಕು. ನಡುವೆ ಪರೀಕ್ಷಕರು ಉಪಗ್ರಹದಿಂದ ಸಿಗುವ ಜಿಪಿಎಸ್ ಆಸರೆ ಕಿತ್ತುಬಿಡುತ್ತಾರೆ. ಅದಿದ್ದಾಗ ಮೊಳೆ ಹೊಡೆದ ಹಾಗೆ ಗಾಳಿಯಲ್ಲಿ ನಿಲ್ಲುವ ಡ್ರೋನ್, ಅದಿಲ್ಲದಾಗ ಕಾಗದದ ಚೂರಿನಂತೆ ತೇಲುತ್ತದೆ. ಆಗ ಬರೀ ಎರಡು ಹೆಬ್ಬೆರಳಿನಲ್ಲಿ ಅದನ್ನು ಹಿಡಿಯಬೇಕು.

ಮೊದಲ ಸಲ ಮೇಡಂ ಆಸರೆ ಕಿತ್ತಾಗ ಸಣ್ಣ ಗಾಳಿ ಬಂತು. ಡ್ರೋನ್ ಆಡಿತು. ಉಡ ಅದನ್ನು ನೇರ ಟವರಿನ ಎದೆಗೆ ತಂದು ಹಚ್ಚಿದ. ರೆಕ್ಕೆಗಳು ಕಬ್ಬಿಣಕ್ಕೆ ತಾಗಿ ಚೂರಾಗಿ, ಡ್ರೋನ್ ಹುಲ್ಲಿನ ಮೇಲೆ ಬಿತ್ತು.

ಬಿದ್ದ ಶಬ್ದಕ್ಕೆ ಫೋಟೋದವನೇ ಬೆಚ್ಚಿದ. ಉಡ ನಿಂತಲ್ಲೇ ನಿಂತು, ರಿಮೋಟ್ ಕೆಳಗಿಟ್ಟು, ಹೋಗಿ ಚೂರುಗಳನ್ನು ಹೆಕ್ಕಿದ. ಎಷ್ಟು ಚೂರು ಎಂದು ಎಣಿಸಿದ. ಹದಿಮೂರು.

ಎರಡನೇ ದಿನವೂ ಹಾಗೇ ಆಯಿತು. ಮೂರನೇ ದಿನ ಮೇಡಂ ಮತ್ತೆ ಕಂಪ್ಯೂಟರಿನ ಮುಂದೆ ಕೂರಿಸಿದರು. ಅಲ್ಲೂ ಗಾಳಿ ಬಂದಾಗಲೆಲ್ಲ ಪರದೆಯ ಡ್ರೋನ್ ಪರದೆಯ ಟವರನ್ನು ಅಪ್ಪಲು ಹೋಯಿತು. ಇಪ್ಪತ್ತು ಸಲದಲ್ಲಿ ಹದಿನೆಂಟು ಸಲ.

"ಗಾಳಿ ಬಂದಾಗ ತೂರಿಕೋ ಅಂತಾರೆ ಹಿರಿಯರು" ಎಂದ ಫೋಟೋದವನು. "ಇವನು ಗಾಳಿ ಬಂದಾಗ ತಬ್ಬಿಕೋ ಅಂತಾನೆ. ನಾನೂ ಸಾವಿರ ಮದುವೆ ನೋಡಿದೀನಿ ಮಾರಾಯ, ಹೀಗೆ ತಬ್ಬಿಕೊಳ್ಳೋ ಗಂಡನ್ನ ನೋಡಿಲ್ಲ."

ಮೇಡಂ ಎಲ್ಲರನ್ನೂ ಕಳಿಸಿ ಉಡನೊಬ್ಬನನ್ನು ಉಳಿಸಿಕೊಂಡರು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಲ್ಲಿ ಮೇಲೆ ಇದ್ದಾಗ, ಗಾಳಿ ಬಂದ್ರೆ ಏನು ಮಾಡ್ತಿದ್ರಿ?"

"ಅಪ್ಪಿಕೊಳ್ತಿದ್ದೆ."

"ಅದೇ ಮಾಡ್ತಿದೀರ. ಬೇರೆ ಯಾರೂ ಈ ತಪ್ಪು ಮಾಡಲ್ಲ. ಎಲ್ಲರೂ ಹೆದರಿ ದೂರ ಓಡಿಸ್ತಾರೆ, ಅವರನ್ನ ಹತ್ರ ಕರಿಯೋದೇ ನನ್ನ ಕಷ್ಟ. ನೀವೊಬ್ಬರೇ ಹತ್ರ ಹೋಗೋರು. ಇದಕ್ಕೆ ಕೈ ಇಲ್ಲ ನೋಡಿ, ಹಿಡ್ಕೊಳ್ಳೋಕೆ. ಕಬ್ಬಿಣ ತಾಗಿದ್ರೆ ಸತ್ತ ಹಾಗೆ."

ಸತ್ತ ಹಾಗೆ ಎಂದ ಮೇಲೆ ಮೇಡಂ ತುಟಿ ಕಚ್ಚಿಕೊಂಡರು. ಅವನಿಗೆ ಏನೂ ಅನಿಸಲಿಲ್ಲ.

"ಪರೀಕ್ಷೆ ಸೋಮವಾರ. ಮುಂದಕ್ಕೆ ಹಾಕ್ಲಾ? ಇನ್ನೊಂದು ತಂಡ ಎರಡು ತಿಂಗಳ ಮೇಲೆ ಬರುತ್ತೆ."

"ಎರಡು ತಿಂಗಳಿಗೆ ಹುಡುಗಿ ಹತ್ತಿರ್ತಾಳೆ" ಎಂದ.

ಯಾವ ಹುಡುಗಿ ಎಂದು ಮೇಡಂ ಕೇಳಿದರು. ಅವನು ಹೇಳಿದ. ಹನ್ನೊಂದು ತಿಂಗಳಲ್ಲಿ ಅವನು ಅಷ್ಟು ಮಾತು ಒಟ್ಟಿಗೆ ಆಡಿದ್ದು ಅದೇ ಮೊದಲು. ಅದೂ ಸಾಮಾನಿನ ಪಟ್ಟಿ ಓದಿದ ಹಾಗೆ. ಮೇಡಂ ಪೂರ್ತಿ ಕೇಳಿ, ಕೊನೆಗೆ, "ಹಾಗಾದ್ರೆ ಸೋಮವಾರವೇ" ಎಂದರು.

ಶನಿವಾರ ಸಂಜೆ ಅವನು ಹೆಂಡತಿಯ ಜೊತೆ ಭಾವಮೈದುನನ ಮನೆಗೆ ಹೋದ. ಎರಡು ಬೀದಿ ಆಚೆ, ಮೂರನೇ ಮಹಡಿ. ಮೆಟ್ಟಿಲು ಹತ್ತುವಾಗ ಮಂಡಿ ತಕರಾರು ಮಾಡಲಿಲ್ಲ; ಸಿಮೆಂಟಿಗೂ ಕಬ್ಬಿಣಕ್ಕೂ ಅವಕ್ಕೆ ಭೇದ ತಿಳಿಯುತ್ತಿತ್ತು. ಒಳಗೆ ಹುಡುಗಿ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆಲ್ಟಿನ ಪಟ್ಟಿ ಸುತ್ತಿ, ತನ್ನ ನಡುವಿಗೆ ಸಿಕ್ಕಿಸಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಎರಡು ಕೈಯಲ್ಲೂ ಚೌಕಟ್ಟು ಹಿಡಿದಿದ್ದಳು.

"ನೋಡಿ ಅತ್ತೆ, ಮಾವ ಬಂದ್ರು, ನನ್ನ ಇಳಿಸೋಕೆ" ಎಂದಳು. "ತಾವೂ ಹತ್ತಲ್ಲ, ಹತ್ತೋರನ್ನೂ ಬಿಡಲ್ಲ."

"ಬಾಯಿ ನೋಡು" ಎಂದಳು ಅತ್ತೆ. "ಥೇಟ್ ನಿಮ್ಮಪ್ಪನದೇ."

"ಡ್ರೋನ್ ಎಲ್ಲಿಗೆ ಬಂತು ಮಾವ? ದಿನಾ ಒಂದು ಒಡೀತೀರಂತೆ. ಸೂಪರ್‌ವೈಸರ್ ಹೇಳಿದ್ರು."

"ಎರಡು" ಎಂದ. "ಒಟ್ಟು ಎರಡು."

ಅವನು ಅವಳ ಕೈ ನೋಡುತ್ತಿದ್ದ. ಬೆರಳ ಗೆಣ್ಣು ಬಿಳಿಚಿದ್ದವು. ಹೊಸಬರೆಲ್ಲ ಮೊದಲ ದಿನ ಹೀಗೇ. ಬೆಲ್ಟು ಕಟ್ಟಿದ ಮೇಲೂ ಕೈ ಬಿಡುವುದಿಲ್ಲ. ಕೈ ಬಿಡದಿದ್ದರೆ ಕೆಲಸ ಮಾಡಲಾಗುವುದಿಲ್ಲ. ಅವಳಪ್ಪನೂ ಹೀಗೇ ನಿಂತಿದ್ದ, ಹದಿನೇಳು ವರ್ಷದ ಹಿಂದೆ, ನೆಲದಿಂದ ಎರಡಡಿ ಮೇಲೆ.

"ಕೈ ಬಿಡು" ಎಂದ, ತನಗೆ ತಿಳಿಯುವ ಮುಂಚೆಯೇ. "ಬೆನ್ನು ಕೊಡು. ಹಿಂದಕ್ಕೆ ಒರಗು. ಪಟ್ಟಿ ಬಿಗಿಯಾಗ್ಬೇಕು. ಬಿಗಿಯಾಗಿದ್ರೇನೇ ಅದು ಹಿಡಿಯೋದು. ಸಡಿಲ ಇದ್ರೆ ಹಿಡಿಯಲ್ಲ."

ಹುಡುಗಿ ಅನುಮಾನಿಸುತ್ತ ಒಂದು ಕೈ ಬಿಟ್ಟಳು, ಇನ್ನೊಂದು ಬಿಟ್ಟಳು, ಹಿಂದಕ್ಕೆ ವಾಲಿದಳು. ಪಟ್ಟಿ ಬಿಗಿಯಾಗಿ ಅವಳನ್ನು ಹಿಡಿಯಿತು. ಚೌಕಟ್ಟು ಮತ್ತು ಅವಳ ಎದೆಯ ನಡುವೆ ಒಂದು ಮೊಳ ಜಾಗ ತೆರೆದುಕೊಂಡಿತು. ಆ ಜಾಗವನ್ನು ಅವನು ಬಹಳ ಹೊತ್ತು ನೋಡಿದ. ಗಾಳಿ ಬಂದಾಗ ಅಪ್ಪಿಕೋ ಎಂದು ಹೇಳಿಕೊಟ್ಟವನು ತಾನೇ. ಕೆಲಸ ಮಾಡುವಾಗ ಹಿಂದಕ್ಕೆ ಒರಗು ಎಂದು ಹೇಳಿಕೊಟ್ಟವನೂ ತಾನೇ. ಎರಡನೆಯದು ಮರೆತುಹೋಗಿತ್ತು.

"ಹೇಳಿಕೊಡ್ತಿದ್ದೀಯಲ್ಲ ಅವಳಿಗೆ" ಎಂದಳು ಹೆಂಡತಿ, ವಾಪಸು ಬರುವ ದಾರಿಯಲ್ಲಿ. "ಬೇಡ ಅನ್ನೋಕೆ ಕರ್ಕೊಂಡು ಹೋದೆ ನಾನು."

ಅವನು ಹೌದೆಂದ.

ಭಾನುವಾರ ಬೆಳಿಗ್ಗೆ ಅವನು ಉಗ್ರಾಣದಿಂದ ಐದು ಮೀಟರಿನ ಹಗ್ಗವೊಂದನ್ನು ಅಳೆದು ಕತ್ತರಿಸಿಕೊಂಡು ಕೇಂದ್ರಕ್ಕೆ ಹೋದ. ರಜೆಯ ದಿನ, ಆದರೆ ಮೇಡಂ ಮುರಿದ ರೆಕ್ಕೆ ಬದಲಿಸುತ್ತ ಅಲ್ಲೇ ಇದ್ದರು. ಅವನು ಹಗ್ಗದ ಒಂದು ತುದಿಯನ್ನು ಟವರಿನ ಬುಡಕ್ಕೆ ಸಡಿಲ ಕುಣಿಕೆಯಲ್ಲಿ ಕಟ್ಟಿದ, ಇನ್ನೊಂದನ್ನು ತನ್ನ ಬೆಲ್ಟಿಗೆ. ಹಗ್ಗ ಬಿಗಿಯಾಗುವವರೆಗೆ ಹಿಂದೆ ಸರಿದು, ಮೈಯನ್ನು ಹಿಂದಕ್ಕೆ ಒರಗಿಸಿ, ಟವರಿನ ಸುತ್ತ ನಡೆಯತೊಡಗಿದ. ಕೈಯಲ್ಲಿ ಆಫ್ ಮಾಡಿದ ರಿಮೋಟ್. ಮೇಡಂ ಕಿಟಕಿಯಲ್ಲಿ ಬಂದು ನಿಂತರು. ಗಾಣದ ಎತ್ತಿನ ಹಾಗೆ ಒಂದು ಸುತ್ತು, ಹತ್ತು ಸುತ್ತು, ಐವತ್ತು ಸುತ್ತು. ಹುಲ್ಲಿನ ಮೇಲೆ ದುಂಡಗಿನ ಜಾಡು ಬಿತ್ತು. ಆಗಾಗ ಮೇಡಂ ಕಿಟಕಿಯಿಂದಲೇ "ಗಾಳಿ" ಎಂದು ಕೂಗುತ್ತಿದ್ದರು. ಕೂಗಿದಾಗಲೆಲ್ಲ ಅವನು ಇನ್ನಷ್ಟು ಹಿಂದಕ್ಕೆ ಒರಗುತ್ತಿದ್ದ, ಹೆಬ್ಬೆರಳುಗಳನ್ನು ತನ್ನ ಕಡೆ ಎಳೆಯುತ್ತಿದ್ದ.

ಸೋಮವಾರ ಬಂದ ಪರೀಕ್ಷಕರು ವಯಸ್ಸಾದವರು. ಬಿಸಿಲಿಗೆ ಕೊಡೆ ಹಿಡಿದು, ಮಡಚುವ ಕುರ್ಚಿಯಲ್ಲಿ ಕೂತರು. ಟವರಿನ ಮೇಲೆ ಅವರು ಮುಂಜಾನೆಯೇ ಆರು ದೋಷಗಳನ್ನು ಇಡಿಸಿದ್ದರು: ಒಂದು ನಟ್ಟು ಕಳಚಿದ್ದು, ಒಂದು ಕಡೆ ಕೆಂಪು ದಾರ ಕಟ್ಟಿದ್ದು, ಇಂಥವು. ಡ್ರೋನಿನ ಮೇಲೆ ಬರಿಗಣ್ಣಿಡಲು ಪ್ರತಿ ಪೈಲಟ್‌ಗೂ ಒಬ್ಬ ಜೊತೆಗಾರ ಬೇಕು. ಉಡನಿಗೆ ಫೋಟೋದವನು ಸಿಕ್ಕಿದ. ಅವನು ಆಗಷ್ಟೇ ತನ್ನ ಪರೀಕ್ಷೆಯಲ್ಲಿ ಹೇಗೋ ಪಾರಾಗಿ ಬೆವರಿದ್ದ. "ನಾನು ಪಾಸಾದೆ ಅಂದ್ರೆ ಈ ಕೇಂದ್ರದ ಮಾನ ಹೋಯ್ತು ಅಂತಲೇ ಲೆಕ್ಕ. ನೀನು ಅದನ್ನ ಉಳಿಸು" ಎಂದು ಪಿಸುಗುಟ್ಟಿದ.

ಉಡ ಹಾರಿಸಿದ. ಚೌಕವಾಯಿತು, ಎಂಟಾಯಿತು. ಟವರಿನ ಬಳಿಗೆ ಬಂದ. ಪರದೆಯ ಮೇಲೆ ಕಬ್ಬಿಣ ನಿಧಾನಕ್ಕೆ ಮೇಲಿಂದ ಕೆಳಗೆ ಸರಿಯಿತು. ಮುಂಬದಿ ಮುಗಿಯಿತು. ಡ್ರೋನ್ ಹಿಂಬದಿಗೆ ಹೋಯಿತು. ಮೂರು ವಾರದಲ್ಲಿ ಅವನು ಅಲ್ಲಿಯವರೆಗೆ ಡ್ರೋನನ್ನು ಉಳಿಸಿಕೊಂಡು ಹೋದದ್ದೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಹತ್ತಿದವನು ಮೆಟ್ಟಿಲುಕಂಬಿಗಳ ಬೆನ್ನನ್ನು ನೋಡಿದ್ದು ಅದೇ ಮೊದಲು. ಒಂದಾದ ಮೇಲೊಂದು, ಸಾಲಾಗಿ, ಬೆಳಕಿನಲ್ಲಿ.

"ಆಸರೆ ತೆಗೆದೆ" ಎಂದರು ಪರೀಕ್ಷಕರು.

ಗಾಳಿಚೀಲ ಎದ್ದು ಅಡ್ಡಕ್ಕೆ ನಿಂತಿತು. ಡ್ರೋನ್ ಟವರಿನ ಕಡೆ ಜಾರಿತು. "ಒಳಗೆ ಹೋಗ್ತಿದೆ, ಒಳಗೆ ಹೋಗ್ತಿದೆ" ಎಂದ ಫೋಟೋದವನು. ಉಡನ ಹೆಬ್ಬೆರಳು ತನ್ನಷ್ಟಕ್ಕೆ ಮುಂದಕ್ಕೆ ಹೋಯಿತು, ಅಪ್ಪಲು. ಅಲ್ಲಿ ನಿಂತಿತು. ಆಮೇಲೆ ಅವನ ಇಡೀ ಮೈ ಹಿಂದಕ್ಕೆ ವಾಲಿತು. ಹಿಂದೆ ಯಾವ ಪಟ್ಟಿಯೂ ಇಲ್ಲದೆ, ಬೀಳುವಷ್ಟು. ಫೋಟೋದವನು ಬೆನ್ನಿಗೆ ಕೈ ಕೊಟ್ಟ. ಹೆಬ್ಬೆರಳು ಹಿಂದೆ ಬಂತು. ಡ್ರೋನ್ ಹೊರಗೆ ಬಂತು. ಗಾಳಿ ಇನ್ನೊಮ್ಮೆ ಬಂತು. ಡ್ರೋನ್ ಆಡಿತು, ನಿಂತಿತು.

"ಹಿಡಿದೆ" ಎಂದ ಉಡ.

"ಏನು ಹಿಡಿದ್ರಿ?" ಎಂದು ಕೇಳಿದರು ಪರೀಕ್ಷಕರು.

ಉಡ ಡ್ರೋನನ್ನು ಇಳಿಸಿ, ರೆಕ್ಕೆ ನಿಲ್ಲುವವರೆಗೆ ಕಾದು, ರಿಮೋಟ್ ಕೆಳಗಿಟ್ಟ.

"ನಾಲ್ಕೂ ಮುಕ್ಕಾಲು ಮೀಟರಿಗೆ ಒಂದ್ಸಲ ಹೋಯ್ತು" ಎಂದು ಪರೀಕ್ಷಕರು ಬರೆದುಕೊಂಡರು. "ಒಂದು ಅಂಕ ಕಳೀತೀನಿ. ಎಷ್ಟು ದೋಷ ಕಂಡ್ರಿ?"

"ಏಳು."

"ಆರು ಇಟ್ಟಿದ್ದೆ."

"ಏಳು ಸಾರ್. ಕೆಳಗಿಂದ ಹದಿನೇಳನೇ ಮೆಟ್ಟಿಲುಕಂಬಿ. ಹಿಂದುಗಡೆ ಬೆಸುಗೆ ಹೋಗಿದೆ. ಮುಂದೆ ಗಟ್ಟಿ ಇದೆ, ಎಳೆದ್ರೆ ಗೊತ್ತಾಗಲ್ಲ."

ಪರೀಕ್ಷಕರು ವಿಡಿಯೋ ತಿರುಗಿಸಿ, ಕೊಡೆಯ ನೆರಳಿನಲ್ಲಿ ಪರದೆ ಹಿಡಿದು, ಚಿತ್ರ ದೊಡ್ಡದು ಮಾಡಿ ನೋಡಿದರು. ಆಮೇಲೆ ಮೇಡಂ ಕಡೆ ತಿರುಗಿ, "ಬೆಳಿಗ್ಗೆ ಆ ಕೆಂಪು ದಾರ ಕಟ್ಟೋಕೆ ಮೇಲೆ ಹತ್ತಿದ್ದು ಯಾರು?" ಎಂದು ಕೇಳಿದರು.

"ನಾನೇ" ಎಂದರು ಮೇಡಂ. ಬೂಟಿನ ಲಾಡಿ ಆ ದಿನವೂ ಬಿಚ್ಚಿತ್ತು.

ಉಡ ಬಗ್ಗಿ ಅದನ್ನು ಕಟ್ಟಿದ. ಎದ್ದು ನಿಂತಾಗ ಅವನ ಬಲಗೈ, ಮರಗಟ್ಟಿದ ಕಾಲಿಗೆ ಜೀವ ಮರಳಿದ ಹಾಗೆ, ಜುಮ್ಮೆನ್ನುತ್ತಿತ್ತು. ಅದು ತನ್ನದೇ ಕೈ ಎಂದು ಗುರುತಿಸಲು ಅವನಿಗೆ ಒಂದು ಕ್ಷಣ ಹಿಡಿಯಿತು. ಜೇಬಿಗೆ ಹಾಕಿಕೊಂಡ.

ಸರ್ಟಿಫಿಕೇಟ್ ಗುರುವಾರ ಬಂತು, ಒಂದನೇ ತಾರೀಖಿಗೆ ನಾಲ್ಕು ದಿನ ಇರುವಾಗ. ಫೋಟೋ ಅವನದೇ, ಆದರೆ ಕಣ್ಣು ಅರ್ಧ ಮುಚ್ಚಿತ್ತು. ಸೂಪರ್‌ವೈಸರ್ ಮಾತಿಗೆ ತಪ್ಪಲಿಲ್ಲ. ತಪಾಸಣೆಗೆ ಹತ್ತುವುದು ನಿಂತಿತು, ನೂರಾ ಹತ್ತು ಟವರಿನ ಪಟ್ಟಿಯಿಂದ ಹುಡುಗಿಯ ಹೆಸರು ಹೊಡೆದು ಹಾಕಿದರು. ಉಡ ಅದನ್ನು ಮನೆಯಲ್ಲಿ ಹೇಳಿದ. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತ ಒಲೆಯ ಮುಂದೆ ನಿಂತಳು. ಅವನು ಪಕ್ಕದಲ್ಲಿ ನಿಂತ. ಮೊದಲಾದರೆ ಕುರ್ಚಿ ಜೋಡಿಸಲು ಹೋಗುತ್ತಿದ್ದ.

ಆದರೆ ಮೊದಲ ವಾರ ಹಾರಿಸಿದ ಒಂಬತ್ತು ಟವರಿನಲ್ಲಿ ಎರಡಕ್ಕೆ ರಿಪೇರಿ ಬೇಕೆಂದು ಕಂಡಿತು. ಡ್ರೋನ್ ನೋಡೀತು, ನಟ್ಟು ಬಿಗಿಯದು. ಸೂಪರ್‌ವೈಸರ್ ತಲೆ ಕೆರೆದುಕೊಂಡು ಉಗ್ರಾಣಕ್ಕೆ ಬಂದ. ಅವನು ಬಾಯಿ ತೆರೆಯುವ ಮುಂಚೆ ಹುಡುಗಿ, ಹೆಸರು ಹೊಡೆದ ಮೇಲೆ ತಾನೇ ತಂದು ನೇತುಹಾಕಿದ್ದ ಬೆಲ್ಟನ್ನು ಮೊಳೆಯಿಂದ ತೆಗೆದುಕೊಂಡಿದ್ದಳು.

"ಬೈಯ್ತೀರಾ ಮಾವ?" ಎಂದಳು.

"ಇಲ್ಲ."

"ಅಳ್ತೀರಾ?"

"ಇಲ್ಲ."

"ಮತ್ತೆ?"

"ಇಪ್ಪತ್ತೆರಡನೇ ಕಂಬಿ ಮುಟ್ಟಬೇಡ. ಮೂವತ್ತೊಂದೂ. ಬೇರೆ ಎಲ್ಲಾ ಹಿಂದೂ ಮುಂದೂ ನೋಡಿದೀನಿ. ಕೊಕ್ಕೆ ಬಿಡೋವಾಗ ಕೂಗು. ಹಾಕಿದ ಮೇಲೂ ಕೂಗು. ನಾನು ಕೆಳಗೇ ಇರ್ತೀನಿ, ಕೇಳಿಸೋವರೆಗೂ ಕೂಗು."

ಅವಳು ಹತ್ತಿದಳು. ಆ ವಾರ ಒಂಬತ್ತರ ಬದಲು ಎರಡು. "ಬಿಟ್ಟೆ ಮಾವ" ಎಂಬುದು ಕೇಳಿಸಿತು. ಅವನು ಉಸಿರು ಹಿಡಿದ. "ಹಿಡಿದೆ ಮಾವ" ಎಂಬುದೂ ಕೇಳಿಸಿತು.

ಇದಾಗಿ ಎರಡು ವರ್ಷವಾಯಿತು. ಈಗ ಅವನು ಅದೇ ಕಂಪನಿಯಲ್ಲಿ ಡ್ರೋನ್ ಪೈಲಟ್. ದಿನಕ್ಕೆ ಮೂರು ಟವರ್ ನೋಡುತ್ತಾನೆ, ಹಿಂಬದಿಯಿಂದ ಶುರು ಮಾಡುತ್ತಾನೆ, ಕೆಟ್ಟ ಕಂಬಿಗಳ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಹತ್ತುವವರ ಕೈಗೆ ಕೊಡುತ್ತಾನೆ, ಅವರು ಇಳಿಯುವವರೆಗೆ ಕೆಳಗೆ ನಿಂತಿರುತ್ತಾನೆ.